ಮೈಕಮ್ಮ ಓದಿದ ಭಾನುವಾರ

ನನ್ನ ಅತ್ತಿಗೆಯ ಮುಖ ನೋಡದವರು ಈ ಊರಲ್ಲಿ ಇರಬಹುದು, ದನಿ ಕೇಳದವರು ಇಲ್ಲ. ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರಂ ತುದಿಗೆ ಒಂದು ಗಾಜಿನ ಕೋಣೆ ಇದೆ. ಇಬ್ಬರು ಒಳಗೆ ನಿಂತರೆ ಮೂರನೆಯವರು ಹೊಟ್ಟೆ ಒಳಗೆಳೆದುಕೊಳ್ಳಬೇಕು, ಅಷ್ಟು ಚಿಕ್ಕದು. ಅದರಲ್ಲಿ ಒಂದು ಮೇಜು, ಒಂದು ಫೋನು, ಕತ್ತು ಬಗ್ಗಿಸಿದ ಒಂದು ಮೈಕು. ಯಾವ ಗಾಡಿ ಯಾವ ಲೈನಿಗೆ ಬರುತ್ತಿದೆ ಎಂದು ಫೋನಿನಲ್ಲಿ ಹೇಳುತ್ತಾರೆ, ಅತ್ತಿಗೆ ಗುಂಡಿ ಒತ್ತಿ ಊರಿಗೆಲ್ಲ ಹೇಳುತ್ತಾರೆ. ಮೂವತ್ತು ವರ್ಷದಿಂದ ಇದೇ ಕೆಲಸ. ಮೂಟೆ ಹೊರುವವರಿಂದ ಹಿಡಿದು ಟಿಕೆಟ್ ಕೊಡುವವರವರೆಗೆ ಎಲ್ಲರಿಗೂ ಅವರು ಮೈಕಮ್ಮ. ಕಂಬಕಂಬಕ್ಕೂ ಕಟ್ಟಿದ ಸ್ಪೀಕರುಗಳಿಂದ ಆ ದನಿ ನಿಲ್ದಾಣದ ಗೋಡೆ ಹಾರಿ, ಮಾರ್ಕೆಟ್ ರಸ್ತೆ ದಾಟಿ ನಮ್ಮ ಮನೆಯ ಕೆಳಗಿರುವ ನನ್ನ ಹೊಲಿಗೆ ಅಂಗಡಿಗೆ ಬರುತ್ತದೆ. ನನಗೆ ಗಡಿಯಾರವೇ ಬೇಡ. ಅತ್ತಿಗೆ ಹನ್ನೊಂದರ ಗಾಡಿ ಕೂಗಿದರೆ ನಾನು ಚಹಾಕ್ಕೆ ನೀರಿಡುತ್ತೇನೆ.

ಭಾನುವಾರ ಅದೇ ದನಿ ನಮ್ಮ ಚರ್ಚಿನಲ್ಲಿ. ಪಾಸ್ಟರ ಪ್ರಸಂಗಕ್ಕೆ ಮುಂಚೆ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ಭಾಗವನ್ನು ಎಲ್ಲರಿಗೂ ಕೇಳುವಂತೆ ಓದಬೇಕು, ಇಪ್ಪತ್ತಾರು ವರ್ಷದಿಂದ ಓದುತ್ತಿರುವವರು ಅತ್ತಿಗೆ. ಏನು ಓದಬೇಕು ಎಂಬುದನ್ನು ನಾವು ಆರಿಸುವುದಿಲ್ಲ. ವರ್ಷದ ಶುರುವಿಗೇ ಅಚ್ಚಾದ ಪಟ್ಟಿ ಬರುತ್ತದೆ, ಇಂಥ ಭಾನುವಾರ ಇಂಥ ಅಧ್ಯಾಯ, ಇಂಥ ವಚನದಿಂದ ಇಂಥ ವಚನದವರೆಗೆ ಎಂದು. ನಮ್ಮ ಮನೆಯಲ್ಲಿ ಅದು ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿರುತ್ತದೆ. ಶನಿವಾರ ಸಂಜೆ ಅತ್ತಿಗೆ ಅಡುಗೆಮನೆಯಲ್ಲಿ ನಿಂತು ಒಂದು ಸಲ ಗಟ್ಟಿಯಾಗಿ ಓದಿ ನೋಡುತ್ತಾರೆ. ಮಗಳು ಸ್ಟೂಲಿನ ಮೇಲೆ ಕೂತು, "ಅಮ್ಮ, ಇದು ಎಕ್ಸ್‌ಪ್ರೆಸ್ ಅಲ್ಲ, ಪ್ಯಾಸೆಂಜರ್ ಥರ ಓದು" ಎಂದು ರೇಗಿಸುತ್ತಾಳೆ.

ಆ ಮಗಳಿಗೆ ನಾನು ಇಟ್ಟ ಹೆಸರು ಬಾಬಿನ್. ಮಗುವಾಗಿದ್ದಾಗ ನನ್ನ ಮೆಷಿನ್ ಕೆಳಗೆ ದಾರ ಸುತ್ತುವ ಬಾಬಿನ್ ಹಾಗೆ ಉರುಳಾಡಿಕೊಂಡೇ ಬೆಳೆದವಳು, ಹೆಸರು ಅಂಟಿಕೊಂಡಿತು. ಈಗ ಇಪ್ಪತ್ತೇಳು ವರ್ಷ, ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾಳೆ. ಅವಳ ಅಪ್ಪ, ಅಂದರೆ ನನ್ನ ಅಣ್ಣ, ಲೇತ್ ಮೆಷಿನ್ನಿನಲ್ಲಿ ಕಬ್ಬಿಣ ಕಡೆಯುವವನು. ನಕ್ಷೆಯಲ್ಲಿ ಇದ್ದ ಅಳತೆಗೆ ಕೂದಲೆಳೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸತ್ಯವೇದವನ್ನೂ ಹಾಗೇ ಓದುತ್ತಾನೆ. ಇನ್ನು ನಾನು ಮೈಕಮ್ಮನ ನಾದಿನಿ. ಮದುವೆಯಾಗಿಲ್ಲ, ಆಗಲಿಲ್ಲ ಎಂಬ ಕೊರಗೂ ಇಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಬಾಯಿಗೆ ಬೀಗವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ವಾರ ನಡೆದದ್ದರಲ್ಲಿ ಅರ್ಧ ತಪ್ಪು ಈ ಬಾಯಿಯದು.

ಶುರುವಾದದ್ದು ಬುಧವಾರ ಸಂಜೆ. ಮೇಜಿನ ಸುತ್ತ ನಾಲ್ವರೂ ಕೂತಿದ್ದೆವು. ಬಾಬಿನ್ ಬ್ರೆಡ್ಡನ್ನು ಚೂರುಚೂರು ಮಾಡುತ್ತಿದ್ದಳೇ ಹೊರತು ಒಂದು ಚೂರೂ ಬಾಯಿಗೆ ಹಾಕಿರಲಿಲ್ಲ.

"ಈ ಭಾನುವಾರ ಮಧ್ಯಾಹ್ನ ನಾನು ಬೇರೆ ಮನೆಗೆ ಹೋಗ್ತಿದೀನಿ" ಎಂದಳು. "ಲ್ಯಾಬಿನವಳ ಜೊತೆ."

ಲ್ಯಾಬಿನವಳು ಎಂದರೆ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಹುಡುಗಿ. ನಾಲ್ಕು ವರ್ಷದಿಂದ ಇವಳ ಗೆಳತಿ, ನಮಗೆಲ್ಲ ಗೊತ್ತಿದ್ದವಳೇ.

"ಬಾಡಿಗೆ ಹಂಚ್ಕೊಳ್ಳೋಕೆ ತಾನೆ?" ಎಂದರು ಅತ್ತಿಗೆ. ಹಾಗೆ ಕೇಳುವಾಗಲೇ ಅವರ ಮುಖ ಬಿಳಿಚಿಕೊಂಡಿತ್ತು.

"ಅಲ್ಲಮ್ಮ. ನೀನೂ ಅಪ್ಪನೂ ಇರೋ ಹಾಗೆ ಇರೋಕೆ. ನನಗೆ ಅವಳೇ ಬೇಕು. ನನಗೆ ಗಂಡು ನೋಡ್ತೀವಿ ಅಂತ ನೀವು ಓಡಾಡೋದು ಇವತ್ತಿಗೆ ನಿಲ್ಲಿಸಿಬಿಡಿ. ಸುಳ್ಳು ಹೇಳಿ ಮನೆ ಬಿಟ್ಟು ಹೋಗೋಕೆ ನನಗೆ ಇಷ್ಟ ಇಲ್ಲ, ಅದಕ್ಕೇ ಹೇಳ್ತಿದೀನಿ."

ನನಗೆ ಎದೆ ಧಸಕ್ಕೆಂದಿತು. ಆಶ್ಚರ್ಯದಿಂದಲ್ಲ, ನನಗೆ ಒಳಗೊಳಗೆ ಎಂದೋ ಗೊತ್ತಿತ್ತು. ಅಣ್ಣನ ಮುಖ ನೋಡಿ ಧಸಕ್ಕೆಂದಿತು. ಅವನು ಚಮಚ ಕೆಳಗಿಟ್ಟು ಎದ್ದ, ನೇರ ಫ್ರಿಜ್ಜಿನ ಹತ್ತಿರ ಹೋದ, ಪಟ್ಟಿಯ ಮೇಲೆ ಬೆರಳಿಟ್ಟ.

"ಈ ಭಾನುವಾರ ಓದೋ ಭಾಗ ಯಾವುದು ನೋಡು."

ನೋಡುವ ಅಗತ್ಯ ಯಾರಿಗೂ ಇರಲಿಲ್ಲ. ಹಳೇ ಕಾಲದ ಸಭೆಯೊಂದಕ್ಕೆ ಅಪೊಸ್ತಲ ಬರೆದ ಪತ್ರದ ಮೊದಲನೇ ಅಧ್ಯಾಯ, ಕೊನೆಯ ಹದಿನೈದು ವಚನ. ದೇವರನ್ನು ಬಿಟ್ಟು ದಾರಿ ತಪ್ಪಿದವರ ವಿಷಯ ಅದು. ಅದರ ನಡುವೆ ಎರಡು ಸಾಲು ಬರುತ್ತದೆ, ಹೆಣ್ಣನ್ನು ಬಯಸುವ ಹೆಣ್ಣಿನ ಬಗ್ಗೆ, ಗಂಡನ್ನು ಬಯಸುವ ಗಂಡಿನ ಬಗ್ಗೆ, ನಾಚಿಕೆಗೇಡು ಎಂದು. ನಮ್ಮಂಥ ಮನೆಗಳಲ್ಲಿ ಹುಟ್ಟಿದ ಬಾಬಿನ್‌ನಂಥ ಮಕ್ಕಳಿಗೆ ಆ ಎರಡು ಸಾಲು ಚಿಕ್ಕಂದಿನಿಂದ ಬಾಯಿಪಾಠ. ಯಾರೂ ಕಲಿಸಬೇಕಾಗಿಲ್ಲ, ತಾವೇ ಹುಡುಕಿ ಓದಿಕೊಂಡಿರುತ್ತಾರೆ.

"ಇದು ಸುಮ್ಮನೆ ಬಂತು ಅಂದ್ಕೊಂಡ್ಯಾ? ದೇವರೇ ಕಳಿಸಿದ್ದು" ಎಂದ ಅಣ್ಣ.

"ಅಪ್ಪ, ಆ ಪಟ್ಟಿ ಅಚ್ಚಾಗಿದ್ದು ಹೋದ ವರ್ಷ."

"ಅದಕ್ಕೇ ಹೇಳಿದ್ದು. ಅವನಿಗೆ ಮೊದಲೇ ಗೊತ್ತಿತ್ತು."

ಇಂಥ ಮಾತಿಗೆ ಏನು ಹೇಳುತ್ತೀರಿ? ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಬಾಬಿನ್ ಅಪ್ಪನ ಕಡೆ ನೋಡಲೇ ಇಲ್ಲ. ಅಮ್ಮನ ಕಡೆ ತಿರುಗಿದಳು.

"ಅಮ್ಮ, ಆ ಭಾಗ ಬೇರೆ ಯಾರು ಓದಿದ್ರೂ ನಾನು ಕೇಳಿಸ್ಕೊಂಡು ಮನೆಗೆ ಬರ್ತೀನಿ. ಕೇಳಿ ಕೇಳಿ ಕಿವಿ ಗಟ್ಟಿಯಾಗಿದೆ. ಆದ್ರೆ ನಿನ್ನ ದನಿಯಲ್ಲಿ ಅದನ್ನ ಕೇಳೋಕೆ ನನ್ನ ಕೈಲಿ ಆಗಲ್ಲ. ನೀನೇ ನಿಂತು ಓದಿ, ಮುಗೀತು ಅಂತ ಪುಸ್ತಕ ಮುಚ್ಚಿಟ್ಟು ಕೂತ್ಕೊಂಡ್ರೆ, ಆಮೇಲೆ ನಾನು ಈ ಮನೆ ಹೊಸ್ತಿಲು ತುಳಿಯಲ್ಲ. ಹೆದರಿಸ್ತಿಲ್ಲ. ಆಗಲ್ಲ, ಅಷ್ಟೇ."

ಅತ್ತಿಗೆ ಕುರ್ಚಿ ಹಿಂದಕ್ಕೆ ತಳ್ಳಿದರು. ಎದ್ದು ತಟ್ಟೆಗಳನ್ನು ತೆಗೆದರು. ಅರ್ಧ ತಿಂದದ್ದನ್ನೂ ತೆಗೆದುಬಿಟ್ಟರು.

ಮಾರನೆಯ ದಿನ ಊರು ಒಂದು ವಿಚಿತ್ರ ಕೇಳಿತು. ಹನ್ನೊಂದರ ಗಾಡಿ ನಾಲ್ಕನೇ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಮೈಕಮ್ಮ ಹೇಳಿದರು. ಗಾಡಿ ಬಂದದ್ದು ಎರಡನೆಯದಕ್ಕೆ. ಪೆಟ್ಟಿಗೆ, ಚೀಲ, ಮಕ್ಕಳು ಎಲ್ಲವನ್ನೂ ಹೊತ್ತು ಜನ ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿದು ಓಡಿದರಂತೆ. ಊರುಗೋಲಿನ ಮುದುಕರೊಬ್ಬರಿಗೆ ಗಾಡಿ ತಪ್ಪಿಹೋಯಿತು. ಅತ್ತಿಗೆ ಕೋಣೆಯಿಂದ ಹೊರಗೆ ಬಂದು, ಅವರ ಪಕ್ಕ ಬೆಂಚಿನ ಮೇಲೆ ಕೂತು, ಮುಂದಿನ ಗಾಡಿ ಬರುವವರೆಗೆ ಅವರ ಕೈ ಹಿಡಿದುಕೊಂಡಿದ್ದರಂತೆ. ಮೂವತ್ತು ವರ್ಷದಲ್ಲಿ ಮೊದಲನೇ ತಪ್ಪು. ಮೂಟೆಯವನೊಬ್ಬ ನನ್ನ ಅಂಗಡಿಗೇ ಬಂದು, "ಮೈಕಮ್ಮನಿಗೆ ಹುಷಾರಿಲ್ವಾ ಅಕ್ಕ?" ಎಂದು ಕೇಳಿ ಹೋದ.

ಶುಕ್ರವಾರ ಅತ್ತಿಗೆ ಜೀವನದಲ್ಲಿ ಮೊದಲ ಬಾರಿಗೆ ಒಂದು ಸುಳ್ಳು ಹೇಳಲು ಹೊರಟರು. ಬೆಳಗಿನ ಪಾಳಿ ಮುಗಿಸಿ, ನನ್ನನ್ನೂ ಕರೆದುಕೊಂಡು ಔಷಧಿ ಅಂಗಡಿಗೆ ಹೋದರು. ಅಂಗಡಿಯವರು ನಮ್ಮ ಸಭೆಯ ಹಿರಿಯರು, ಸಮಿತಿಯೆಂದರೆ ಅವರೇ. ಪಾಸ್ಟರು ಹೊಸಬರು, ಇವರು ಹೂಂ ಎಂದರೆ ಅವರೂ ಹೂಂ. ನಾನು ಇವರಿಗೆ ಇಟ್ಟ ಹೆಸರು ಮಾತ್ರೆ ಹಿರಿಯರು. ಯಾವ ನೋವಿಗೂ ನುಂಗಲು ಏನಾದರೂ ಕೊಟ್ಟೇ ಕಳಿಸುತ್ತಾರೆ.

"ಹಿರಿಯರೇ, ನನಗೆ ಗಂಟಲು ಕಟ್ಟಿದೆ. ಈ ಭಾನುವಾರ ಬೇರೆ ಯಾರ ಕೈಲಾದ್ರೂ ಓದಿಸಿ" ಎಂದರು ಅತ್ತಿಗೆ, ಗಂಟಲು ಹಿಡಿದುಕೊಂಡು.

ಹಿರಿಯರು ಕನ್ನಡಕದ ಮೇಲಿಂದ ನೋಡಿದರು. "ಏನಕ್ಕಾ, ಒಂದು ಗಂಟೆ ಮುಂಚೆ ನಿಮ್ಮ ದನಿ ಇಲ್ಲಿಗೇ ಕೇಳಿಸ್ತಲ್ಲ. ಗಂಟೆ ಹೊಡೆದ ಹಾಗಿತ್ತು."

ಅಯ್ಯೋ ದೇವರೇ, ನಾವಿಬ್ಬರೂ ಎಂಥ ಪೆದ್ದರು! ಊರಿಗೆಲ್ಲ ಕೇಳುವ ಹಾಗೆ ಬೆಳಗ್ಗೆಯಿಂದ ಆರು ಗಾಡಿ ಕೂಗಿ, ಗಂಟಲು ಹೋಗಿದೆ ಎಂದು ಹೇಳಲು ಹೋಗಿದ್ದೆವು. ಹಿರಿಯರು ಡ್ರಾಯರ್ ಎಳೆದು ಚೀಪುವ ಮಾತ್ರೆಯ ಒಂದು ಪಟ್ಟಿ ತೆಗೆದು ಅತ್ತಿಗೆಯ ಕೈಗಿಟ್ಟರು. "ಇಪ್ಪತ್ತಾರು ವರ್ಷ ತಪ್ಪಿಸ್ದೇ ಇದ್ದವರು ಈ ವಾರವೇ ಯಾಕೆ ತಪ್ಪಿಸ್ತೀರಿ?" ಎಂದರು. ಆ 'ಈ ವಾರವೇ' ಎನ್ನುವುದನ್ನು ಅವರು ಒತ್ತಿ ಹೇಳಿದರು. ಎಲ್ಲೋ ಏನೋ ಅವರಿಗೆ ವಾಸನೆ ಬಡಿದಿದೆ ಎಂದುಕೊಂಡೆ. ಆದರೆ ವಾಸನೆ ಮಾತ್ರ, ಖಚಿತವಾಗಿ ಏನೂ ಗೊತ್ತಿರಲಿಲ್ಲ.

ಖಚಿತ ಮಾಡಿಕೊಟ್ಟವಳು ನಾನು. ಅದೇ ಮಧ್ಯಾಹ್ನ ಹಿರಿಯರ ಹೆಂಡತಿ ಕೋಟಿನ ಅಳತೆ ನೋಡಲು ಅಂಗಡಿಗೆ ಬಂದರು. ಕನ್ನಡಿಯ ಮುಂದೆ ನಿಲ್ಲಿಸಿ, ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ತೋಳು ಸರಿಮಾಡುತ್ತಿದ್ದೆ.

"ನಿಮ್ಮ ಬಾಬಿನ್ ಮನೆ ಮಾಡ್ತಿದಾಳಂತೆ, ಆ ಲ್ಯಾಬ್ ಹುಡುಗಿ ಜೊತೆ" ಎಂದರು. ನಾನು ತಲೆಯಾಡಿಸಿದೆ.

"ಒಂದೇ ಮಂಚ ಕೊಂಡ್ಕೊಂಡ್ರಂತೆ. ಪಾಪ, ಇನ್ನೊಂದಕ್ಕೆ ಜಾಗ ಇಲ್ಲವೇನೋ."

ಮೈ ಉರಿದುಹೋಯಿತು. ಸೂಜಿಗಳನ್ನು ಕೈಗೆ ಉಗುಳಿಕೊಂಡು ಹೇಳಿಬಿಟ್ಟೆ: "ಹೌದು, ಒಂದೇ ಮಂಚ! ಅವರಿಬ್ಬರಿಗೆ ಒಂದೇ ಸಾಕಂತೆ! ನಿಮಗೇನು ಕಷ್ಟ?"

ಕನ್ನಡಿಯಲ್ಲಿ ಅವರ ಮುಖ ಕಂಡಿತು. ಸಣ್ಣಗೆ ನಗುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ, ಅದನ್ನು ನಾನೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದೆ. ನಾಲಿಗೆ ಕಚ್ಚಿಕೊಂಡರೆ ಆಡಿದ ಮಾತು ಒಳಗೆ ಹೋಗುತ್ತದೆಯೇ? ಅವರು ಕೋಟು ಬಿಚ್ಚಿಟ್ಟು, ಇನ್ನೊಂದು ದಿನ ಬರುತ್ತೇನೆ ಎಂದು ಸರಸರ ಹೊರಟೇಹೋದರು.

ಶನಿವಾರ ಬೆಳಗ್ಗೆ ಹಿರಿಯರು ನಮ್ಮ ಮನೆ ಬಾಗಿಲಲ್ಲಿದ್ದರು. ಕೂರಿ ಎಂದರೂ ಕೂರಲಿಲ್ಲ.

"ವಿಷಯ ಗೊತ್ತಾಯ್ತು. ಬೇಜಾರಾಯ್ತು. ನಾಳೆ ನೀವೇ ಓದ್ಬೇಕಕ್ಕಾ. ಮಗಳನ್ನ ಮುಂದಿನ ಬೆಂಚಲ್ಲಿ ಕೂರಿಸಿ. ಹೆತ್ತ ತಾಯಿ ಬಾಯಿಂದ ಕೇಳಿದ್ರೆ ಮನಸ್ಸಿಗೆ ನಾಟುತ್ತೆ."

"ನಾನು ಓದಲ್ಲ ಅಂದ್ರೆ?"

"ನೀವು ಯಾವ ಕಡೆ ಅಂತ ಎಲ್ಲರಿಗೂ ಅರ್ಥ ಆಗುತ್ತೆ." ಇಷ್ಟು ಹೇಳಿ ಅಣ್ಣನ ಕಡೆ ತಿರುಗಿ, "ಏನಂತೀರಿ?" ಎಂದರು.

"ವಾಕ್ಯ ಓದೋದಕ್ಕೆ ಯಾರೂ ಹಿಂದೆಮುಂದೆ ನೋಡ್ಬಾರ್ದು" ಎಂದ ಅಣ್ಣ, ನೆಲ ನೋಡಿಕೊಂಡು.

ಮಹಡಿಯ ಮೆಟ್ಟಿಲಲ್ಲಿ ಬಾಬಿನ್ ನಿಂತು ಕೇಳುತ್ತಿದ್ದಳು. ಕೈಯಲ್ಲಿ ಪುಸ್ತಕ ತುಂಬಿದ ಪೆಟ್ಟಿಗೆ. "ಬರ್ತೀನಿ" ಎಂದಳು ಹಿರಿಯರಿಗೆ. "ಮುಂದಿನ ಬೆಂಚಲ್ಲೇ ಕೂರ್ತೀನಿ." ಅವಳ ದನಿಯೂ ಅಮ್ಮನದೇ, ಅಷ್ಟೇ ಸ್ಪಷ್ಟ. ಮುಂದಿನದನ್ನು ಅಮ್ಮನಿಗೆ ಮಾತ್ರ ಕೇಳುವಂತೆ ಹೇಳಿದಳು: "ನಾನು ಬುಧವಾರ ಹೇಳಿದ್ದು ಹಾಗೇ ಇದೆ."

ಆ ಸಂಜೆ ಅತ್ತಿಗೆ ಎಂದಿನಂತೆ ಸತ್ಯವೇದ ತೆಗೆದುಕೊಂಡು ಅಡುಗೆಮನೆಗೆ ಬಂದರು. ಬಾಬಿನ್ ಅಭ್ಯಾಸಬಲದಿಂದ ಸ್ಟೂಲಿನ ಮೇಲೆ ಬಂದು ಕೂತಳು. ಅತ್ತಿಗೆ ಪುಟ ತೆರೆದರು, ಮಗಳ ಮುಖ ನೋಡಿದರು, ಮುಚ್ಚಿದರು. "ಇವತ್ತು ಬೇಡ" ಎಂದರು. ಬಾಬಿನ್ ಎದ್ದು ಪೆಟ್ಟಿಗೆ ಕಟ್ಟಲು ಹೋದಳು.

ನಾನು ಬಿಡಲಿಲ್ಲ. "ಅತ್ತಿಗೆ, ನಾಳೆ ಏನು ಮಾಡ್ತೀರಿ?"

"ಗೊತ್ತಿಲ್ಲ."

"ಹಾಳಾಗ್ಲಿ, ಆ ಎರಡು ಸಾಲು ಹಾರಿಸಿ ಓದಿ. ಅರ್ಧ ಜನ ತೂಕಡಿಸ್ತಿರ್ತಾರೆ."

"ನನಗೆ ಇಷ್ಟ ಇಲ್ಲದ ಗಾಡಿ ಬರ್ತಿದೆ ಅಂತ ಅದನ್ನ ಹೇಳ್ದೇ ಇರೋಕಾಗುತ್ತಾ? ಬರೆದಿರೋದನ್ನ ಬರೆದಿಲ್ಲ ಅಂತ ಮಾಡಿದ್ರೆ ಅದು ನನಗೂ ಸುಳ್ಳು, ಅವಳಿಗೂ ಸುಳ್ಳು."

"ನಿಮಗೆ ಏನನ್ಸುತ್ತೆ, ಅದು ಹೇಳಿ. ಅವಳು ಮಾಡ್ತಿರೋದು ಪಾಪವಾ?"

ಅತ್ತಿಗೆ ಪುಸ್ತಕದ ಅಂಚು ಸವರಿದರು. ಒಲೆಯ ಮೇಲೆ ಹಾಲು ಉಕ್ಕಿತು, ನಾನೇ ಆರಿಸಿದೆ. "ನನಗೆ ಗೊತ್ತಿಲ್ಲ ಕಣೇ. ಆ ಪತ್ರದಲ್ಲಿ ದೇವರನ್ನ ಬಿಟ್ಟವರ ಬಗ್ಗೆ ಬರೆದಿದೆ. ಇವಳು ಬಿಟ್ಟಿಲ್ಲ. ಹುಟ್ಟಿದಾಗಿಂದ ನೋಡ್ತಿದೀನಲ್ಲ, ಅಷ್ಟು ಮಾತ್ರ ನನಗೆ ಗೊತ್ತು. ಓದದೇ ಬಿಟ್ರೆ ದೇವರ ಮಾತು ನುಂಗಿದ ಹಾಗೆ, ಓದಿದ್ರೆ ಮಗಳನ್ನ ಕಳ್ಕೋತೀನಿ. ಎಲ್ಲಿಗೆ ಹೋಗ್ಲಿ ನಾನು?" ಎಂದು ಎರಡೂ ಕೈಯಲ್ಲಿ ಪುಸ್ತಕ ಹಿಡಿದುಕೊಂಡು ನಿಂತೇ ಇದ್ದರು. ಅವರನ್ನು ಹಾಗೆ ನೋಡಲಾರದೆ ನಾನು ಕೆಳಗೆ ಅಂಗಡಿಗೆ ಹೋದೆ.

ಭಾನುವಾರ ಚರ್ಚು ಕಿಕ್ಕಿರಿದು ತುಂಬಿತ್ತು. ಹಬ್ಬಕ್ಕೆ ಮಾತ್ರ ಮುಖ ತೋರಿಸುವವರೂ ಬಂದಿದ್ದರು. ಹಿರಿಯರ ಹೆಂಡತಿ, ಆ ಕೋಟಿನಮ್ಮ, ಎಷ್ಟು ಮನೆ ಹತ್ತಿಳಿದಿದ್ದರೋ! ನಾವು ಮುಂದಿನ ಬೆಂಚಿನಲ್ಲಿ ಕೂತೆವು. ಗೋಡೆ ಕಡೆ ಅಣ್ಣ, ನಡುವೆ ನಾನು, ನಡೆಯುವ ದಾರಿಯ ಕಡೆ ಬಾಬಿನ್. ಎದ್ದು ಹೋಗಲು ಸುಲಭವಾಗಲಿ ಎಂದೇ ಅವಳು ಆ ತುದಿ ಹಿಡಿದಿದ್ದಳು. ಕೈಚೀಲ ತೊಡೆಯ ಮೇಲೇ ಇತ್ತು. ಅಣ್ಣ ತನ್ನ ಸತ್ಯವೇದ ತೆರೆದು, ಎಂದಿನಂತೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡ. ಬುಧವಾರದಿಂದ ಅವನು ಮಗಳ ಜೊತೆ ಒಂದು ಮಾತೂ ಆಡಿರಲಿಲ್ಲ.

ಹಾಡು ಮುಗಿಯಿತು. ಅತ್ತಿಗೆ ಓದುವ ಪೀಠಕ್ಕೆ ಹತ್ತಿದರು, ಮೈಕನ್ನು ಬಾಯಿಯ ಮಟ್ಟಕ್ಕೆ ಇಳಿಸಿಕೊಂಡರು. ಅವರು ಏನು ಮಾಡುತ್ತಾರೆಂದು ಮಗಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ಅವರೇ ಹೇಳಿದರು. ಓದಲು ಶುರುಮಾಡಿದರು.

ಒಂದಕ್ಷರ ಬಿಡಲಿಲ್ಲ. ಎಕ್ಸ್‌ಪ್ರೆಸ್ಸಿನ ಓಟವಿಲ್ಲ, ನಡುಕವಿಲ್ಲ. ಆ ಎರಡು ಸಾಲು ಹತ್ತಿರ ಬಂತು. ಬಾಬಿನ್ ನನ್ನ ಕೈ ಹಿಡಿದುಕೊಂಡಳು. ಅತ್ತಿಗೆ ಆ ಸಾಲುಗಳನ್ನೂ ಓದಿದರು, ಪೂರ್ತಿ, ಸ್ಪಷ್ಟವಾಗಿ, ಕಿಟಕಿಯಾಚೆ ರಸ್ತೆಗೂ ಕೇಳುವಂತೆ. ಹುಡುಗಿಯ ಉಗುರು ನನ್ನ ಅಂಗೈಗೆ ಇಳಿಯಿತು. ಅಳಲಿಲ್ಲ ಅವಳು. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಓದಿಬಿಟ್ಟರಲ್ಲ, ನನ್ನ ಅತ್ತಿಗೆ ಓದಿಯೇಬಿಟ್ಟರಲ್ಲ ಎಂದು ನನಗೆ ಕಣ್ಣು ಕತ್ತಲೆ ಬಂತು.

ಆ ಎರಡು ಸಾಲಿಗೇ ಭಾಗ ಮುಗಿಯುವುದಿಲ್ಲ, ಅದು ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಆಮೇಲೆ ಉದ್ದಕ್ಕೂ ಸಾಲುಸಾಲು ಪಾಪಗಳು ಬರುತ್ತವೆ. ಹೊಟ್ಟೆಕಿಚ್ಚು, ಜಗಳ, ಮೋಸ. ಚಾಡಿ ಹೇಳುವವರು ಎಂದು ಅತ್ತಿಗೆ ಓದಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ನಾನೂ ತಲೆ ತಗ್ಗಿಸಿದೆ. ಕರುಣೆಯಿಲ್ಲದವರು ಎಂಬಲ್ಲಿಗೆ ಬಂತು. ಇನ್ನೊಂದು ವಚನ, ಅಲ್ಲಿಗೆ ಪಟ್ಟಿಯಲ್ಲಿದ್ದದ್ದು ಮುಗಿಯಿತು. ಇನ್ನು ಅತ್ತಿಗೆ "ಇಲ್ಲಿಗೆ ಪಾಠ ಮುಗಿಯಿತು" ಎನ್ನಬೇಕು. ಬಾಬಿನ್ ನನ್ನ ಕೈ ಬಿಟ್ಟಳು, ಚೀಲ ಹೆಗಲಿಗೇರಿಸಿ ಎದ್ದು ನಿಂತಳು.

ಅತ್ತಿಗೆ ಆ ಮಾತು ಹೇಳಲಿಲ್ಲ. ಪುಟ ತಿರುಗಿಸಿದರು. ಆ ಕಾಗದದ ಸದ್ದು ಮೈಕಿನಲ್ಲಿ ಕೇಳಿತು.

ಎರಡನೇ ಅಧ್ಯಾಯ. ಅಲ್ಲಿ ಅಪೊಸ್ತಲ ಇದ್ದಕ್ಕಿದ್ದಂತೆ ಕೇಳುವವನ ಕಡೆಗೇ ತಿರುಗುತ್ತಾನೆ. ಇದನ್ನೆಲ್ಲ ಕೇಳಿ ಇನ್ನೊಬ್ಬರ ಮೇಲೆ ತೀರ್ಪು ಹೇಳುವವನೇ, ನೀನು ಯಾರೇ ಆಗಿರು, ತಪ್ಪಿಸಿಕೊಳ್ಳಲು ನಿನಗೆ ದಾರಿಯಿಲ್ಲ, ಆ ತೀರ್ಪು ನಿನ್ನ ಮೇಲೇ ಬೀಳುತ್ತದೆ ಎಂಬ ಅರ್ಥದ ಮಾತು. ಅವನು ಬರೆದದ್ದು ಪತ್ರ, ಅಧ್ಯಾಯದ ಅಂಕಿಗಳು ಎಷ್ಟೋ ಕಾಲದ ಮೇಲೆ ಬಂದವು. ಹಿಂದಿನ ಹದಿನೈದು ವಚನವೂ ಈ ಮಾತಿಗೆ ಬರಲೆಂದೇ ಬರೆದ ಹಾಗಿದೆ. ಪಟ್ಟಿ ಮಾಡಿದವರು ಸರಿಯಾಗಿ ಇದರ ಹಿಂದಿನ ಸಾಲಿಗೆ ನಿಲ್ಲಿಸಿದ್ದರು, ನಾವೂ ಆ ಸಾಲು ನೆನೆದಾಗಲೆಲ್ಲ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆವು.

ಹಿರಿಯರು ಎದ್ದು ನಿಂತು, ಸಾಕು ಎಂದು ಕೈ ಸನ್ನೆ ಮಾಡಿದರು. ಅತ್ತಿಗೆ ಅವರನ್ನು ನೋಡಿದರು. ನಿಲ್ದಾಣದಲ್ಲಿ ಯಾವುದನ್ನೂ ಒಂದೇ ಸಲ ಹೇಳಿ ಬಿಡುವುದಿಲ್ಲ, ಗದ್ದಲದಲ್ಲಿ ಕೇಳಿಸದವರಿಗಾಗಿ ಎರಡನೇ ಸಲ ಹೇಳುತ್ತಾರೆ. ಅತ್ತಿಗೆ ಅದೇ ವಚನವನ್ನು ಮೊದಲಿನಿಂದ ಇನ್ನೊಂದು ಸಲ ಓದಿದರು, ಇನ್ನೂ ನಿಧಾನವಾಗಿ. ಆಮೇಲೆ "ಇಲ್ಲಿಗೆ ಪಾಠ ಮುಗಿಯಿತು" ಎಂದರು. ಅದಕ್ಕೆ ಸಭೆ ಸ್ತೋತ್ರ ಹೇಳಬೇಕು, ಒಬ್ಬರೂ ತುಟಿ ಬಿಚ್ಚಲಿಲ್ಲ. ಅತ್ತಿಗೆ ಪೀಠದಿಂದ ಇಳಿದರು, ಓದುವವರ ಕುರ್ಚಿಗೆ ಹೋಗಲಿಲ್ಲ. ನೇರ ನಮ್ಮ ಬೆಂಚಿಗೆ ಬಂದು, ನಿಂತೇ ಇದ್ದ ಮಗಳನ್ನು ತೋಳು ಹಿಡಿದು ಕೂರಿಸಿ, ಪಕ್ಕದಲ್ಲಿ ಕೂತರು.

ಮನೆಗೆ ಬಂದು ಊಟಕ್ಕೆ ಕೂತೆವು. ಅತ್ತಿಗೆ ಎಲ್ಲರಿಗೂ ಸೂಪು ಬಡಿಸಿದರು. ಕೊನೆಗೆ ಬಾಬಿನ್ ಕೇಳಿದಳು, "ಆ ಎರಡು ಸಾಲು ಓದೋವಾಗ ನೀನು ಒಂದು ಕ್ಷಣನೂ ತಡವರಿಸ್ಲಿಲ್ಲ, ಅಮ್ಮ. ನನಗೆ ಎಷ್ಟು ನೋವಾಯ್ತು ಗೊತ್ತಾ?"

"ಗೊತ್ತು. ನಿನಗಾದ್ದು ನನಗೂ ಆಯ್ತು. ಆದ್ರೆ ಅದನ್ನ ನುಂಗಿದ್ರೆ ಮುಂದಿನದನ್ನ ಓದೋಕೆ ನನಗೆ ಯಾವ ಮುಖ ಇತ್ತು?"

ಬಾಬಿನ್ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಅಣ್ಣ ಎದ್ದು ಹೋದ. ಹಿರಿಯರು. ನಮ್ಮ ಮೇಜಿನಿಂದ ಬಾಗಿಲು ನೇರ ಕಾಣುತ್ತದೆ.

"ಇನ್ಮುಂದೆ ನಿಮ್ಮ ಮನೆಯವರು ಓದೋದು ಬೇಡ ಅಂತ ಸಮಿತಿ ತೀರ್ಮಾನ. ತಮ್ಮ ಮನೆಯನ್ನೇ ನೆಟ್ಟಗೆ ಇಟ್ಟುಕೊಳ್ಳದವರು..."

"ಅವಳು ಓದಿದ್ರಲ್ಲಿ ಪುಸ್ತಕದಲ್ಲಿ ಇಲ್ಲದ ಮಾತು ಯಾವುದು?" ಎಂದ ಅಣ್ಣ.

ಹಿರಿಯರು ತಬ್ಬಿಬ್ಬಾದರು. ಅಣ್ಣ ತಮ್ಮ ಕಡೆ ಎಂದೇ ಅವರು ನಂಬಿ ಬಂದಿದ್ದರು. "ಪಟ್ಟಿಯಲ್ಲಿ ಅಷ್ಟು ಇರ್ಲಿಲ್ಲ."

"ನಾನು ಬೆರಳಿಟ್ಟು ನೋಡ್ಕೊಂಡು ಬಂದೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ. ಪಟ್ಟಿ ಏನು ದೇವರು ಬರೆದದ್ದಾ?"

ನೋಡಿ ಇವನನ್ನು! ಅದೇ ಪಟ್ಟಿ ದೇವರೇ ಕಳಿಸಿದ್ದು ಎಂದು ಬುಧವಾರ ಹೇಳಿದವನು ಇವನೇ. ನೆನಪಿಸಲು ನಾನು ಬಾಯಿ ತೆರೆದೆ, ಅತ್ತಿಗೆ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಆಮೇಲೆ ತಾವೇ ಎದ್ದು ಬಾಗಿಲಿಗೆ ಹೋದರು. "ಆಯ್ತು ಹಿರಿಯರೇ, ನಾನು ಓದಲ್ಲ" ಎಂದರು. ಇಪ್ಪತ್ತಾರು ವರ್ಷ ಪ್ರಾಣವಾಗಿದ್ದದ್ದನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟರು. ಹಿರಿಯರು ಹೋದ ಮೇಲೆ ಅವರು ಬಾಗಿಲಿನ ಚಿಲಕ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಅದು ನನ್ನ ಬಾಯಿ ಮಾಡಿದ ಕೆಲಸ.

ಅಣ್ಣ ಬಂದು ಕೂತ. ಚಮಚ ಕೈಗೆತ್ತಿಕೊಂಡ, ಸೂಪು ಕಲಕಿದ, ಕುಡಿಯಲಿಲ್ಲ.

"ಲಾರಿ ಎಷ್ಟು ಗಂಟೆಗೆ?" ಎಂದ. ನಾಲ್ಕು ದಿನದಲ್ಲಿ ಮಗಳಿಗೆ ಹೇಳಿದ ಮೊದಲ ಮಾತು.

"ಮೂರಕ್ಕೆ, ಅಪ್ಪ."

"ಆ ಹುಡುಗಿ?"

"ಬೀದಿ ಮೂಲೆಯಲ್ಲಿ ನಿಂತಿದ್ದಾಳೆ. ಸಾಮಾನು ಎತ್ತೋಕೆ ಬಂದಿದ್ದಾಳೆ, ಒಳಗೆ ಬರೋಕೆ ಹೆದರಿಕೆ."

"ಊಟ?"

"ಮಾಡಿರಲ್ಲ."

ಅಣ್ಣ ತಟ್ಟೆಯನ್ನೇ ನೋಡುತ್ತಿದ್ದ. "ನನಗೆ ಇದು ಒಪ್ಪಿಗೆ ಆಗಿಲ್ಲ. ಆಗುತ್ತೋ ಇಲ್ವೋ, ಅದೂ ಗೊತ್ತಿಲ್ಲ" ಎಂದ. ಬಾಬಿನ್ ತಲೆ ತಗ್ಗಿಸಿದಳು. "ಆದ್ರೆ ನನ್ನ ಮನೆಗೆ ಬಂದ ಹುಡುಗಿ ಬೀದೀಲಿ ಹಸ್ಕೊಂಡು ನಿಂತಿರೋದು ಬೇಡ. ಹೋಗು, ಕರ್ಕೊಂಡು ಬಾ."

ಬಾಬಿನ್ ಚಪ್ಪಲಿ ಕೂಡ ಹಾಕಿಕೊಳ್ಳದೆ ಮೆಟ್ಟಿಲಿಳಿದು ಓಡಿದಳು. ಅತ್ತಿಗೆ ಐದನೇ ತಟ್ಟೆ ತರಲು ಅಡುಗೆಮನೆಗೆ ಹೋದವರು ವಾಪಸು ಬರಲಿಲ್ಲ. ಹೋಗಿ ನೋಡಿದರೆ ತಟ್ಟೆಯನ್ನು ಎದೆಗೆ ಅವುಚಿಕೊಂಡು ನೆಲದ ಮೇಲೆ ಕೂತು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅಣ್ಣ ನನ್ನನ್ನು ದಾಟಿಕೊಂಡು ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂತ. ಮೆಟ್ಟಿಲಲ್ಲಿ ಇಬ್ಬರ ಹೆಜ್ಜೆ ಕೇಳಿತು, ನಾನು ಸೂಪನ್ನು ಮತ್ತೆ ಬಿಸಿಗಿಟ್ಟೆ.